ಜಸಿಂತಾಳ ಪಟ್ಟಿಯಲ್ಲಿ ಇಲ್ಲದ ಸಂಡಿಗೆ

ಜಸಿಂತಾ ಮೊಜಿಲಿಪ್ ಎಂಬ ಹೆಂಗಸು ಸಿಂಗಪುರದ ಕ್ಲೆಮೆಂಟಿಯ ಆ ಹನ್ನೊಂದನೆಯ ಮಹಡಿಯ ಮನೆಗೆ ಮೊದಲ ಸಲ ಬಂದದ್ದು ಎರಡು ಸಾವಿರದ ಹದಿನೆಂಟರ ಜುಲೈ ತಿಂಗಳ ಒಂದು ಶನಿವಾರ, ಬೆಳಗಿನ ಹತ್ತು ಗಂಟೆಗೆ. ಹತ್ತು ಎಂದರೆ ಹತ್ತೇ. ಗೋಡೆಯ ಗಡಿಯಾರವೂ ಬಾಗಿಲ ಗಂಟೆಯೂ ಒಟ್ಟಿಗೆ ಬಾರಿಸಿದವು.

ಬಾಡಿಗೆಗೆ ಕೊಡಬೇಕಾಗಿದ್ದುದು ಒಂದು ಕೋಣೆ. ಅದುವರೆಗೆ ಅಲ್ಲಿ ಇದ್ದವರೆಲ್ಲ ಹತ್ತಿರದ ಯೂನಿವರ್ಸಿಟಿಯಲ್ಲಿ ಓದುವ ಹುಡುಗಿಯರು. ಒದ್ದೆ ಟವಲನ್ನು ಹಾಸಿಗೆಯ ಮೇಲೆ ಹಾಕಿ ಪರೀಕ್ಷೆಗೆ ಓಡುವವರು. ಮನೆಯೊಡತಿ ಸತ್ಯವತಿಯವರಿಗೆ ಸಾಕಾಗಿಹೋಗಿತ್ತು. ಈ ಸಲ ವಯಸ್ಸಾದವರು, ಜವಾಬ್ದಾರಿ ಇರುವವರು ಬರಲಿ ಎಂದು ಗಂಡ ಪಟ್ಟಾಭಿರಾಮರಿಗೆ ಹೇಳಿದ್ದರು. ಪಟ್ಟಾಭಿರಾಮರು ಸೆಲೆಟಾರಿನಲ್ಲಿ ವಿಮಾನಗಳ ರಿಪೇರಿ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಅಲ್ಲಿಯ ಪರಿಚಯದವರೊಬ್ಬರು ಕಳಿಸಿದವಳು ಈ ಜಸಿಂತಾ. ವಯಸ್ಸು ನಲವತ್ತೊಂಬತ್ತು, ಮದುವೆಯಾಗಿಲ್ಲ. ಇಂಜಿನ್ನಿನ ಒಳಗಿನ ಬ್ಲೇಡುಗಳನ್ನು ದೀಪ ಹಿಡಿದು ನೋಡಿ, ಬಿರುಕಿಲ್ಲ ಎಂದು ಸಹಿ ಹಾಕುವುದು ಅವಳ ಕೆಲಸ.

ಸತ್ಯವತಿಯವರು ಬಂದವಳನ್ನು ಪರೀಕ್ಷಿಸಬೇಕೆಂದು ಸೆರಗು ಸರಿಮಾಡಿಕೊಂಡು ಕುಳಿತಿದ್ದರು. ನಡೆದದ್ದು ತಿರುಗುಮುರುಗು. ಜಸಿಂತಾ ಕೋಣೆಯ ಕಿಟಕಿಯನ್ನು ಮೂರು ಸಲ ತೆಗೆದು ಮುಚ್ಚಿದಳು. ಬಚ್ಚಲಿನ ನಲ್ಲಿಗೆ ಕಿವಿಯಿಟ್ಟಳು.

"ಆಂಟಿ, ಈ ವಾಷರ್ ಇನ್ನು ನಾಲ್ಕು ತಿಂಗಳು ಬರಬಹುದು. ಅದಕ್ಕಿಂತ ಜಾಸ್ತಿ ಬರಲ್ಲ."

ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ, ಮಾತಿನ ಕೊನೆಗೆ 'ಲಾ' ಸೇರಿಸುವ ಸಿಂಗಪುರದ ಇಂಗ್ಲಿಷಿನಲ್ಲಿ. ಆದರೆ ಸತ್ಯವತಿಯವರು ಎಲ್ಲರ ಇಂಗ್ಲಿಷನ್ನೂ ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡೇ ಕೇಳುವವರು. ಇಲ್ಲಿಯೂ ಅದೇ ಕನ್ನಡದಲ್ಲಿ ಬರೆದಿದೆ. ವಾಷರ್ ನವೆಂಬರಿನಲ್ಲಿ ಹೋಯಿತು.

ಮನೆಯ ನಿಯಮಗಳನ್ನು ಅವರು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಮಾಂಸ ಬೇಯಿಸಬಾರದು. ಮೊಟ್ಟೆಯನ್ನೂ ಬೇಯಿಸಬಾರದು. ಮನೆಯೊಳಗೆ ಮದ್ಯಪಾನ ಮಾಡಬಾರದು. ಹೀಗೆ ಏಳು. ಜಸಿಂತಾ ಹಾಳೆಯನ್ನು ಎರಡು ಸಲ ಓದಿ, ಪ್ರತಿಯೊಂದರ ಮುಂದೆಯೂ ಗುರುತು ಹಾಕಿ, ಕೆಳಗೆ ಸಹಿ, ದಿನಾಂಕ, ವೇಳೆ ಎಲ್ಲ ಬರೆದುಕೊಟ್ಟಳು. ಇಷ್ಟು ಶ್ರದ್ಧೆಯ ಬಾಡಿಗೆದಾರಳನ್ನು ಸತ್ಯವತಿಯವರು ಕಂಡಿರಲಿಲ್ಲ. ಕಾಫಿ ಕೊಡುತ್ತ ಊರು ಯಾವುದೆಂದು ಕೇಳಿದರು.

"ಸಬಾ. ಬೋರ್ನಿಯೋದಲ್ಲಿದೆ. ಪೆನಾಂಪಾಂಗ್ ಅಂತ. ನಾವು ಕಡಜಾನ್ ಜನ. ಭತ್ತದವರು."

"ನಾವೂ ಭತ್ತದವರೇ!" ಎಂದರು ಸತ್ಯವತಿಯವರು ಸಂಭ್ರಮದಿಂದ. ಮಂಡ್ಯದ ಕಡೆ ಅವರ ತಾತನಿಗೆ ಗದ್ದೆಯಿದ್ದುದು ನಿಜ. ಅದನ್ನು ಅವರು ಚಿಕ್ಕಂದಿನಲ್ಲಿ ಎರಡು ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದರು.

ಜಸಿಂತಾಳ ಸಾಮಾನು ಎಂದರೆ ಎರಡು ಪೆಟ್ಟಿಗೆ, ಒಂದು ಶಿಲುಬೆ, ಒಂದು ಮಣ್ಣಿನ ಜಾಡಿ, ಮತ್ತು ಸುರುಳಿ ಸುತ್ತಿದ ಒಂದು ದೊಡ್ಡ ಕಾಗದ. ಆ ಕಾಗದವನ್ನು ಅವಳು ಬಂದ ದಿನವೇ ಗೋಡೆಗೆ ಅಂಟಿಸಿದಳು. ಅದೊಂದು ಪಟ್ಟಿ. ಎಡಗಡೆ ಕಡಜಾನ್ ಜನರ ಸುಗ್ಗಿಯ ಆಚರಣೆಗಳು. ಬಲಗಡೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹೇಳಿದ ಹಬ್ಬಗಳು. ಒಂದೊಂದು ಸಾಲಿನ ಕೊನೆಗೂ ಸಹಿ ಮಾಡಲು ಒಂದು ಚೌಕ.

ಈ ಪಟ್ಟಿಗೆ ಒಂದು ಹಿನ್ನೆಲೆಯಿತ್ತು. ಜಸಿಂತಾಳ ತಾಯಿ ಕ್ರೈಸ್ತಳು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು. ತಾಯಿಯ ಅಕ್ಕ ಬೊಬೊಹಿಜಾನ್. ಅಂದರೆ ಭತ್ತದ ಜೀವವನ್ನು ಮಂತ್ರ ಹೇಳಿ ಕರೆಯುವ ಹಳೆಯ ಕಾಲದ ಪೂಜಾರಿಣಿ. ಬರಗಾಲದಲ್ಲಿ ದೇವರು ತನ್ನ ಮಗಳನ್ನೇ ಬಲಿಕೊಟ್ಟನಂತೆ; ಅವಳ ಮೈಯಿಂದ ಭತ್ತ ಹುಟ್ಟಿತಂತೆ. ಆದ್ದರಿಂದ ಅನ್ನ ಚೆಲ್ಲಿದರೆ ಆ ಹುಡುಗಿಗೆ ನೋವಾಗುತ್ತದೆ. ಮೇ ತಿಂಗಳಲ್ಲಿ ಕಾಮತಾನ್ ಎಂಬ ಸುಗ್ಗಿಹಬ್ಬ ಬಂದಾಗ ಮನೆಗೆ ಪಾದ್ರಿಗಳೂ ಬರುತ್ತಿದ್ದರು, ದೊಡ್ಡಮ್ಮನೂ ಬರುತ್ತಿದ್ದಳು.

"ಪಾದ್ರಿ ಅಕ್ಕಿಯನ್ನು ಆಶೀರ್ವಾದ ಮಾಡೋರು. ದೊಡ್ಡಮ್ಮ ಅಕ್ಕಿ ಹತ್ತಿರ ಕ್ಷಮೆ ಕೇಳೋಳು. ಅಮ್ಮ ಇಬ್ಬರಿಗೂ ಊಟ ಹಾಕೋಳು" ಎಂದಳು ಜಸಿಂತಾ.

"ಜಗಳ ಆಗ್ತಿರಲಿಲ್ಲವೇ?"

"ಊಟ ಆಗೋವರೆಗೂ ಇಲ್ಲ, ಆಂಟಿ."

ಸಿಂಗಪುರದಲ್ಲಿ ಆ ಜಗಳ ಊಟಕ್ಕೆ ಮೊದಲೇ ಶುರುವಾಗುತ್ತಿತ್ತು. ಇಲ್ಲಿ ಒಂದೇ ಚರ್ಚಿಗೆ ಹೋಗುವ ಕಡಜಾನರು ಹದಿನಾಲ್ಕು ಮಂದಿ. ಅವರಿಗೆ ಹಿರಿಯ ಬೋನಿಫಾಸ್ ಸಿಪಾನಿಲ್ ಎಂಬ ಎಪ್ಪತ್ತರ ಮುದುಕರು. ಪ್ರತಿವರ್ಷ ಮೇ ತಿಂಗಳ ಕೊನೆಯ ಭಾನುವಾರ ಪೂಜೆಯಾದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಕಾಮತಾನ್ ನಡೆಸುತ್ತಿದ್ದರು. ಬೋನಿಫಾಸರಿಗೆ ಮನಸ್ಸಿನಲ್ಲಿ ಒಂದು ಹುಳ. ಇದೆಲ್ಲ ಹಳೆಯ ಮೂಢನಂಬಿಕೆಯಲ್ಲವೇ? ಬೈಬಲಿನಲ್ಲಿ ಎಲ್ಲಿದೆ? ಜಸಿಂತಾ ಆ ಪ್ರಶ್ನೆಗೆ ತನ್ನ ಕಸುಬಿನ ರೀತಿಯಲ್ಲೇ ಉತ್ತರ ಸಿದ್ಧಪಡಿಸಿದ್ದಳು. ಕೊಯ್ಲಿಗೆ ಮೊದಲು ಏಳು ತೆನೆ ಕತ್ತರಿಸಿ ಕಟ್ಟಿಡುವುದು: ಇಸ್ರಾಯೇಲರು ಪ್ರಥಮ ಸಿವುಡನ್ನು ಯಾಜಕನ ಕೈಗೆ ಕೊಟ್ಟಂತೆ. ಸರಿ, ಸಹಿ. ದೇವರಿಗೆ ಒಪ್ಪಿಸದೆ ಹೊಸ ಅಕ್ಕಿಯನ್ನು ಬಾಯಿಗೆ ಹಾಕದಿರುವುದು: ಅಲ್ಲಿಯೂ ಹಾಗೆಯೇ. ಸಹಿ. ಹಬ್ಬದ ದಿನ ಬಾಗಿಲಿಗೆ ಬಂದವರಿಗೆಲ್ಲ ಊಟ: ಅಲ್ಲಿ ಹೊಲದ ಅಂಚನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಟ್ಟಂತೆ. ಸಹಿ. ಗದ್ದೆ ಕಾಯುವ ಗುಡಿಸಲಿನ ವಾಸ: ಅಲ್ಲಿ ಪರ್ಣಶಾಲೆಗಳ ಹಬ್ಬ.

"ಏಳು ದಿನ ಗುಡಿಸಲಲ್ಲಿರಬೇಕಂತೆ. ನಾನು ಇಪ್ಪತ್ತೇಳು ವರ್ಷದಿಂದ ಬಾಡಿಗೆ ಕೋಣೆಯಲ್ಲಿದ್ದೀನಿ. ನನ್ನ ಹಬ್ಬ ಮುಗಿಯೋದೇ ಇಲ್ಲ ಲಾ."

ಸತ್ಯವತಿಯವರಿಗೆ ಈ ಪಟ್ಟಿ ಬಹಳ ಹಿಡಿಸಿತು. ಆರು ತಿಂಗಳಾಗುವಷ್ಟರಲ್ಲಿ ಅದಕ್ಕೆ ಮೂರನೆಯ ಕಾಲಮ್ಮು ಬಂತು. ಸಂಕ್ರಾಂತಿ, ಕೊಡಗಿನ ಹುತ್ತರಿ, ಹೊಸಕ್ಕಿಯ ಪಾಯಸ. ಭಾನುವಾರ ಸಂಜೆ ಇಬ್ಬರೂ ಅದರ ಮುಂದೆ ನಿಂತು ವಾದಿಸುತ್ತಿದ್ದರು. ಮೂರು ದೇಶದ ಸುಗ್ಗಿಯನ್ನು ಅಳೆಯುತ್ತಿದ್ದ ಆ ಮನೆಗೆ ಅಕ್ಕಿ ಬರುತ್ತಿದ್ದುದು ಸೂಪರ್‌ಮಾರ್ಕೆಟ್ಟಿನಿಂದ, ಐದು ಕಿಲೋ ಪ್ಯಾಕೆಟ್ಟಿನಲ್ಲಿ, ಥಾಯ್ಲೆಂಡಿನಿಂದ. ಪಟ್ಟಾಭಿರಾಮರು ಇದನ್ನು ಒಂದು ಸಲ ಹೇಳಿ ಇಬ್ಬರಿಂದಲೂ ಬೈಸಿಕೊಂಡರು.

ಇಸ್ರಾಯೇಲರು ಪ್ರಥಮ ಸಿವುಡಿನಿಂದ ಐವತ್ತು ದಿನ ಎಣಿಸಿ ಆಚರಿಸುವ ಹಬ್ಬವೊಂದಿದೆ. ಕ್ರೈಸ್ತರಿಗೂ ಆಗ ದೊಡ್ಡ ಭಾನುವಾರ. ಅದೂ ಕಾಮತಾನೂ ನೆರೆಮನೆಯವರಂತೆ ಅಕ್ಕಪಕ್ಕವೇ ಬರುತ್ತವೆ, ಕೂಡುವುದು ಅಪರೂಪ. ಎರಡು ಸಾವಿರದ ಇಪ್ಪತ್ತರಲ್ಲಿ ಎರಡೂ ಒಂದೇ ದಿನ ಬಿದ್ದವು. ಜಸಿಂತಾ ಎರಡು ವರ್ಷ ಮೊದಲೇ ಕ್ಯಾಲೆಂಡರಿನಲ್ಲಿ ಅದಕ್ಕೆ ಕೆಂಪು ಸುತ್ತು ಹಾಕಿದ್ದಳು. ಆ ಭಾನುವಾರ ಕೊರೊನಾದಿಂದಾಗಿ ಚರ್ಚಿಗೆ ಬೀಗ.

ಎರಡು ಸಾವಿರದ ಇಪ್ಪತ್ತನಾಲ್ಕರ ಫೆಬ್ರವರಿಯಲ್ಲಿ ಜಸಿಂತಾಳ ತಾಯಿ ತೀರಿಕೊಂಡಳು. ಎಂಬತ್ತಾರು ವರ್ಷ. ಮಗಳು ಹೋಗಿ ಮಣ್ಣು ಮಾಡಿ ಬಂದಳು. ಅಣ್ಣಂದಿರು ಏಪ್ರಿಲಿನಲ್ಲಿ ಗದ್ದೆಯನ್ನು ಅಂಗಡಿಮಳಿಗೆ ಕಟ್ಟುವವರಿಗೆ ಮಾರಿದರು. ಊರಿಗೆ ಹೋಗಿದ್ದ ಬೋನಿಫಾಸರು ಬರುವಾಗ ಒಂದು ಬಿಸ್ಕತ್ತಿನ ಡಬ್ಬಿ ತಂದುಕೊಟ್ಟರು. ಅದರಲ್ಲಿ ಎರಡು ಕಿಲೋದಷ್ಟು ಅಂಟಕ್ಕಿ. ತಾಯಿ ತಾನೇ ನಿಂತು ಕೊಯ್ಯಿಸಿದ ಕೊನೆಯ ಬೆಳೆ. ಇನ್ನು ಆ ಗದ್ದೆಯಿಂದ ಅಕ್ಕಿ ಬರುವುದಿಲ್ಲ.

ಜಸಿಂತಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಊಟದ ಮೇಜಿನ ಮುಂದೆ ಕುಳಿತಳು.

"ಸಾಯೋಕೆ ಮೊದಲು ಅಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದ್ದು, ಆಂಟಿ. 'ಈ ಅಕ್ಕೀನ ಸುಮ್ಮನೆ ತಿಂದುಬಿಡಬೇಡ. ಥ್ಯಾಂಕ್ಸ್ ಹೇಳಿ, ಎಲ್ಲರ ಜೊತೆ ಮುಗಿಸು.' ಹೇಳ್ತೀನಿ ಅಂದೆ."

"ಹೇಳಿದರಾಯಿತು. ಈ ಮೇ ತಿಂಗಳಲ್ಲೇ" ಎಂದರು ಸತ್ಯವತಿಯವರು.

ಮೇ ತಿಂಗಳ ಮೊದಲ ವಾರ ಜಸಿಂತಾ ಅಕ್ಕಿಯನ್ನಷ್ಟೂ ಬೇಯಿಸಿ, ಆರಿಸಿ, ಏನೋ ಬಿಳಿಯ ಪುಡಿ ಬೆರೆಸಿ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತನ್ನ ಕಪಾಟಿನೊಳಗೆ ಇಟ್ಟಳು. ಪ್ರತಿವರ್ಷವೂ ಹೀಗೆ ಇಡುತ್ತಿದ್ದಳು. ಕೇಳಿದರೆ "ಹಬ್ಬಕ್ಕೆ ಅಕ್ಕಿ ರೆಡಿ ಆಗ್ತಿದೆ" ಎನ್ನುತ್ತಿದ್ದಳು. ಅಷ್ಟರಲ್ಲಿ ಕಂಪನಿಯವರು ಫಿಲಿಪೀನ್ಸಿಗೆ ಹನ್ನೆರಡು ದಿನದ ಕೆಲಸಕ್ಕೆ ಕಳಿಸಿದರು. ಹೊರಡುವಾಗ, "ಜಾಡಿ ತಂಟೆಗೆ ಹೋಗಬೇಡಿ ಆಂಟಿ. ಇರುವೆ ಬರದ ಹಾಗೆ ನೋಡಿಕೊಂಡರೆ ಸಾಕು" ಎಂದಳು.

ಎಂಟನೆಯ ದಿನ ಇರುವೆ ಬಂತು. ಅಡುಗೆಮನೆಯಿಂದ ಜಸಿಂತಾಳ ಕಪಾಟಿನವರೆಗೆ ಗೆರೆ ಎಳೆದಂತೆ ಸಾಲು. ಸತ್ಯವತಿಯವರು ಒರೆಸಿ ಒರೆಸಿ ಸೋತು, ಕೊನೆಗೆ ಜಾಡಿಯನ್ನು ಹೊರಗೆ ತಂದು ಬಟ್ಟೆ ಬಿಚ್ಚಿದರು. ಹುಳಿ ವಾಸನೆ ಘಮ್ಮೆಂದು ಮುಖಕ್ಕೆ ಹೊಡೆಯಿತು. ಅನ್ನ ಮೆತ್ತಗಾಗಿ ಕೆಳಗೆ ಕುಳಿತಿತ್ತು. ಮೇಲೆ ನೀರು ನಿಂತಿತ್ತು.

"ರೀ, ಅಯ್ಯೋ ಬನ್ನಿ ಇಲ್ಲಿ! ಆ ಹುಡುಗಿ ಅಮ್ಮನ ಅಕ್ಕಿ ಹಳಸಿಹೋಗಿದೆ ಕಣ್ರೀ!"

ಪಟ್ಟಾಭಿರಾಮರು ಬಂದು ಬಗ್ಗಿ ಮೂಸಿದರು. "ಹಳಸಿದ್ದೇ? ಏನೋ ಚೆನ್ನಾಗೇ ಇದೆಯಲ್ಲ ವಾಸನೆ" ಎಂದರು.

"ನಿಮ್ಮ ಮೂಗಿಗೆ ಏನು ಗೊತ್ತಾಗುತ್ತೆ! ಹೋಗಿ ಪೇಪರ್ ಓದಿ."

ಬೇರೆ ಯಾರ ಮನೆಯಲ್ಲಾದರೂ ಅದನ್ನು ಕಸದ ಬುಟ್ಟಿಗೆ ಸುರಿಯುತ್ತಿದ್ದರು. ಇಲ್ಲವೇ ಜಸಿಂತಾಳಿಗೆ ಒಂದು ಫೋನ್ ಮಾಡುತ್ತಿದ್ದರು. ಸತ್ಯವತಿಯವರು ನೆಲಕ್ಕೆ ಬಿದ್ದ ಅಗುಳನ್ನೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವರು. ಅನ್ನ ಚೆಲ್ಲಿದರೆ ಆ ದೇವರ ಮಗಳಿಗೆ ನೋವಾಗುತ್ತದೆಂದು ಜಸಿಂತಾಳೇ ಹೇಳಿರಲಿಲ್ಲವೇ? ಕೆಲಸದಲ್ಲಿರುವವಳಿಗೆ ಫೋನ್ ಮಾಡಿ ಸಂಕಟ ಕೊಡುವುದೇಕೆ? ಹುಳಿಬಂದ ಅನ್ನಕ್ಕೆ ಮೈಸೂರಿನ ಕಡೆಯವರಿಗೆ ಒಂದು ದಾರಿ ಗೊತ್ತಿದೆ. ನೀರನ್ನು ಬಸಿದು ಕಾರಿಡಾರಿನ ಕರಿಬೇವಿನ ಗಿಡಕ್ಕೆ ಸುರಿದರು. ಅನ್ನವನ್ನು ಹಿಸುಕಿ, ಹಸಿಮೆಣಸಿನಕಾಯಿ, ಜೀರಿಗೆ, ಇಂಗು, ಉಪ್ಪು ಅರೆದು ಹಾಕಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲುಸಾಲಾಗಿ ಸಂಡಿಗೆ ಇಟ್ಟರು. ಮೂರು ದಿನ ಒಳ್ಳೆಯ ಬಿಸಿಲು. ಮುನ್ನೂರಕ್ಕೂ ಮೇಲೆ ಸಂಡಿಗೆ ಗರಿಗರಿಯಾಗಿ ಒಣಗಿ ಎರಡು ಡಬ್ಬಿ ತುಂಬಿತು. ಒಂದು ಅಗುಳೂ ವ್ಯರ್ಥವಾಗಲಿಲ್ಲ ಎಂದು ಅವರಿಗೆ ಹೇಳತೀರದ ತೃಪ್ತಿ.

ಜಸಿಂತಾ ಶುಕ್ರವಾರ ಸಂಜೆ ಬಂದಳು. ಭಾನುವಾರ ಕಾಮತಾನ್.

ಸತ್ಯವತಿಯವರು ಡಬ್ಬಿಯ ಮುಚ್ಚಳ ತೆಗೆದು ತೋರಿಸಿ ನಡೆದದ್ದನ್ನೆಲ್ಲ ಹೇಳಿದರು. ಜಸಿಂತಾ ಚೀಲವನ್ನು ಹೆಗಲಿನಿಂದ ಇಳಿಸಲೇ ಇಲ್ಲ.

"ಆಂಟಿ, ಮೇಲಿದ್ದ ನೀರು?"

"ಕರಿಬೇವಿನ ಗಿಡಕ್ಕೆ ಹಾಕಿದೆ. ಯಾಕಮ್ಮ?"

"ಅದು ತಾಪಾಯ್. ಅನ್ನದ ವೈನ್. ಹಬ್ಬದ ದಿನ ಎಲ್ಲರೂ ಕುಡಿಯಬೇಕಿತ್ತು. ಅಮ್ಮನ ಅಕ್ಕಿಯಿಂದ."

ಸತ್ಯವತಿಯವರು ಕುರ್ಚಿ ಹುಡುಕಿ ಕುಳಿತರು. ಪೇಪರಿನ ಹಿಂದಿನಿಂದ ಪಟ್ಟಾಭಿರಾಮರ ತಲೆ ಮೇಲೆದ್ದಿತು.

"ವೈನ್? ಪ್ರತಿವರ್ಷವೂ ಇದೇ?"

"ಇದು ಆರನೇ ಜಾಡಿ, ಅಂಕಲ್. ಮನೆಯೊಳಗೆ ಕುಡೀಬಾರದು ಅಂತ ರೂಲ್ಸ್‌ನಲ್ಲಿತ್ತು. ಮಾಡಬಾರದು ಅಂತ ಇರಲಿಲ್ಲ. ಒಂದು ತೊಟ್ಟೂ ಇಲ್ಲಿ ಕುಡಿದಿಲ್ಲ."

"ಆರು ವರ್ಷ! ಗೋಡೆಯಾಚೆ! ನನಗೆ ಒಂದು ಮಾತು ಹೇಳಲಿಲ್ಲವಲ್ಲ!" ಎಂದರು ಪಟ್ಟಾಭಿರಾಮರು. ಅವರ ದನಿಯಲ್ಲಿದ್ದ ನೋವು ಮನೆಯ ನಿಯಮ ಮುರಿದದ್ದಕ್ಕಲ್ಲ ಎಂಬುದು ಹೆಂಡತಿಗೆ ತಿಳಿಯಿತು. ಆದರೆ ಅದನ್ನು ವಿಚಾರಿಸಲು ಅದು ಹೊತ್ತಾಗಿರಲಿಲ್ಲ.

ಜಸಿಂತಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಗಂಟೆಯ ಮೇಲೆ ಹೊರಗೆ ಬಂದಾಗ ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಗೋಡೆಯಿಂದ ಕಿತ್ತ ಪಟ್ಟಿ.

"ಆರನೇ ಸಾಲು ನೋಡಿ. ನಾವು ತಾಪಾಯ್ ಕುಡಿಯೋದು. ಅವರು ಸಿವುಡಿನ ಜೊತೆ ದ್ರಾಕ್ಷಾರಸ ಒಪ್ಪಿಸೋದು. ಎರಡೂ ಒಂದೇ ಅಂತ ಸಹಿ ಹಾಕಿದ್ದೆ. ಈಗ ಮತ್ತೆ ಓದಿದೆ. ಅವರು ಅದನ್ನು ಕುಡೀತಿರಲಿಲ್ಲ, ಆಂಟಿ. ಸುರೀತಿದ್ದರು. ಅದನ್ನು ಸರಿಯಾಗಿ ಮಾಡಿದವರು ನೀವೊಬ್ಬರೇ."

ಅವಳು ನಗಲಿಲ್ಲ. ಅದು ಕೋಪವೋ ಸಮಾಧಾನವೋ ಸತ್ಯವತಿಯವರಿಗೆ ಗೊತ್ತಾಗಲಿಲ್ಲ. ಜಸಿಂತಾ ಹಳೆಯ ಸಹಿಯನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ದಿನಾಂಕ ಬರೆದು ಹೊಸದಾಗಿ ಸಹಿ ಹಾಕಿದಳು. ಆಮೇಲೆ ಪೆನ್ನನ್ನು ಕೆಳಗಿಟ್ಟು ಕೇಳಿದಳು:

"ಪಟ್ಟಿ ಸರಿಹೋಯಿತು. ಅಮ್ಮನಿಗೆ ಏನು ಹೇಳಲಿ?"

ಸತ್ಯವತಿಯವರು ಡಬ್ಬಿಯ ಮುಚ್ಚಳವನ್ನು ಹಾಕಿ ಮತ್ತೆ ತೆಗೆದರು. ಕೊನೆಗೆ ಮೆಲ್ಲಗೆ, "ಸಂಡಿಗೆಯೂ ಅದೇ ಅಕ್ಕೀದೇ ಅಲ್ಲವೇನಮ್ಮ?" ಎಂದರು. ಹೇಳಿದ ಕೂಡಲೇ ನಾಚಿಕೆಯಾಯಿತು. ಜಸಿಂತಾ ಡಬ್ಬಿಯಿಂದ ಒಂದು ಒಣ ಸಂಡಿಗೆಯನ್ನು ತೆಗೆದು ಟ್ಯೂಬ್‌ಲೈಟಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮತ್ತೆ ಡಬ್ಬಿಗೇ ಹಾಕಿದಳು.

"ಕರಿಯೋಕೆ ಎಷ್ಟು ಹೊತ್ತು ಬೇಕು?" ಎಂದಳು.

ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಇಬ್ಬರೂ ಕರಿದರು. ಅಷ್ಟನ್ನೂ. ಡಬ್ಬಿಗಳನ್ನು ಹಿಡಿದು ಸತ್ಯವತಿಯವರೂ ಎಂಆರ್‌ಟಿ ರೈಲು ಹತ್ತಿದರು. ತಪ್ಪು ಮಾಡಿದವರು ಕಳಿಸಿಕೊಟ್ಟು ಮನೆಯಲ್ಲಿ ಕೂರಬಾರದು ಎಂದು ಅವರ ವಾದ. ಪೂಜೆಯಾಯಿತು. ಮೊದಲ ತಟ್ಟೆಯನ್ನು ಜಸಿಂತಾ ತಾನೇ ಪೀಠದ ಮುಂದೆ ಇಟ್ಟಳು. ಪಾದ್ರಿಗಳು ಚಿಕ್ಕ ವಯಸ್ಸಿನವರು, ಇದು ಕಡಜಾನರ ಏನೋ ಪದ್ಧತಿಯೆಂದು ಭಾವಿಸಿ ಗಂಭೀರವಾಗಿ ಆಶೀರ್ವದಿಸಿದರು.

ಹಾಲಿನಲ್ಲಿ ಬೋನಿಫಾಸರು ತಟ್ಟೆಯ ಮುಂದೆ ನಿಂತರು. ಪ್ರತಿವರ್ಷವೂ ಚರ್ಚಿನ ಹಾಲಿಗೆ ಜಾಡಿ ತರಬೇಡಿ ಎಂದು ಗದರುತ್ತಿದ್ದವರು ಅವರೇ. ಅವರ ಮಾತಿಗೆ ಬೆಲೆ ಕೊಟ್ಟು ಹತ್ತಿರದ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಫ್ಲ್ಯಾಟುಗಳ ಕೆಳಗಿನ ಖಾಲಿ ಜಾಗದಲ್ಲಿ, ಪೇಪರ್ ಕಪ್ಪು ಹಿಡಿದು ಎಲ್ಲರೂ ಕುಡಿಯುತ್ತಿದ್ದರು. ಅಲ್ಲಿ ಬೋನಿಫಾಸರಿಗೆ ಮೂರು ಕಪ್ಪು.

"ಜಸಿ, ಇದೇನು? ಕೆರೊಪೊಕ್ ಹಪ್ಪಳವಾ? ಜಾಡಿ ಎಲ್ಲಿ?"

"ಈ ವರ್ಷ ಜಾಡಿ ಇಲ್ಲ, ಅಂಕಲ್."

"ಇಲ್ಲ ಅಂದರೆ? ನಿನ್ನಮ್ಮನ ಅಕ್ಕೀನ ನಾನೇ ಹೊತ್ತು ತಂದೆನಲ್ಲ!"

ಸತ್ಯವತಿಯವರು ಎದ್ದು ನಿಂತರು. "ಅದನ್ನು ಹಾಳುಮಾಡಿದವಳು ನಾನು. ಗೊತ್ತಿಲ್ಲದೆ ಮಾಡಿದೆ. ನೀರನ್ನು ಚೆಲ್ಲಿಬಿಟ್ಟೆ. ಅಕ್ಕಿ ಮಾತ್ರ ಪೂರ್ತಿ ಇಲ್ಲೇ ಇದೆ. ದಯವಿಟ್ಟು ನೀವೆಲ್ಲ ತಿನ್ನಬೇಕು."

ಉಳಿದವರೆಲ್ಲ ಬೋನಿಫಾಸರನ್ನು ನೋಡಿದರು. ಅವರು ಅನುಮಾನದಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕರುಂ ಕುರುಂ ಸದ್ದು ಹಾಲಿನ ತುಂಬ ಕೇಳಿಸಿತು. ಮೊದಲು ಮೆಣಸಿನಕಾಯಿಗೆ ಕಣ್ಣು ಮಿಟುಕಿಸಿದರು. ಅಗಿಯುತ್ತ ಅಗಿಯುತ್ತ ದವಡೆ ನಿಧಾನವಾಯಿತು.

"ಇದು ಅವಳದೇ," ಎಂದರು. "ನಿನ್ನಮ್ಮ ಹಾಕುತ್ತಿದ್ದ ತಾಪಾಯ್ ಹೀಗೇ ಕೊನೆಗೆ ನಾಲಿಗೆ ಬದಿಗೆ ಕಚ್ಚೋದು. ನನ್ನ ಮದುವೆಯಲ್ಲಿ ಅವಳದೇ ಜಾಡಿ. ಇಲ್ಲೇ ಇದೆ ನೋಡು, ಹುಳಿಯ ಒಳಗೆ." ಇನ್ನೊಂದಕ್ಕೆ ಕೈ ಹಾಕಿ, "ಗ್ಯಾರಂಟಿ ಮಾಡಿಕೊಳ್ಳೋಕೆ" ಎಂದರು. ಆಮೇಲೆ ಯಾರೂ ಕಾಯಲಿಲ್ಲ. ಮುನ್ನೂರು ಸಂಡಿಗೆ ಒಂದು ಗಂಟೆಯಲ್ಲಿ ಖಾಲಿಯಾಯಿತು. ಜಸಿಂತಾ ಕೊನೆಯದನ್ನು ಕೈಯಲ್ಲಿ ಹಿಡಿದು, ತಮ್ಮ ಭಾಷೆಯಲ್ಲಿ ಏನೋ ನಾಲ್ಕು ಮಾತು ಹೇಳಿ ತಿಂದಳು. ಡಬ್ಬಿಯ ತಳದ ಪುಡಿಯನ್ನೂ ಬೆರಳಿನಲ್ಲಿ ಒತ್ತಿ ಬಾಯಿಗೆ ಹಾಕಿಕೊಂಡಳು. ಮನೆಗೆ ಬರುವ ದಾರಿಯಲ್ಲಿ ಅವಳು ಸತ್ಯವತಿಯವರ ಭುಜಕ್ಕೆ ಒರಗಿ ನಿದ್ದೆಹೋದಳು. ಅವರು ಒಂದು ಸ್ಟೇಷನ್ ಮುಂದಕ್ಕೆ ಹೋಗಿ ವಾಪಸು ಬರಬೇಕಾಯಿತು.

ಅಲ್ಲಿಗೆ ಮುಗಿಯಿತು ಎಂದು ಇಬ್ಬರೂ ತಿಳಿದಿದ್ದರು. ಮರುವರ್ಷ ಏಪ್ರಿಲಿನಲ್ಲಿ ಬೋನಿಫಾಸರ ಫೋನು. ಸಂಡಿಗೆ ಶುರುವಾಯಿತೇ ಎಂದು ಅವರ ಪ್ರಶ್ನೆ.

"ಅಂಕಲ್, ಅದು ನಮ್ಮ ಪದ್ಧತಿ ಅಲ್ಲ ಲಾ. ಅದು ಒಂದು ಮಿಸ್ಟೇಕು."

"ಯಾರು ಹೇಳಿದ್ದು? ಹುರಿದ ಧಾನ್ಯ ಅಂತ ಹಬ್ಬಗಳ ಅಧ್ಯಾಯದಲ್ಲೇ ಇದೆ. ನೀನು ಪಟ್ಟಿಯಲ್ಲಿ ಬಿಟ್ಟಿದ್ದೀಯ. ನಾನು ನೋಡಿದ್ದೀನಿ."

ಮೂಢನಂಬಿಕೆಯ ಬಗ್ಗೆ ಅಷ್ಟು ಎಚ್ಚರವಾಗಿದ್ದ ಮುದುಕರು ಸಂಡಿಗೆಯ ಪರವಾಗಿ ಬೈಬಲನ್ನು ಶೋಧಿಸಿದ್ದರು. ಹೊಸದಾಗಿ ಊರಿನಿಂದ ಬಂದ ಇಬ್ಬರು ನರ್ಸುಗಳಿಗೆ, ಇದು ಪೆನಾಂಪಾಂಗಿನ ಹಳೆಯ ಮನೆತನಗಳಲ್ಲಿ ಮಾತ್ರ ಉಳಿದಿರುವ ಆಚರಣೆ ಎಂದೂ ತಿಳಿಸಿದ್ದರು. ನಮ್ಮ ಅಜ್ಜಿಯೂ ಮಾಡುತ್ತಿದ್ದ ನೆನಪು ಎಂದು ಒಬ್ಬಳು ನರ್ಸು ಒಪ್ಪಿಕೊಂಡಳಂತೆ. ಇಂಗು ಮಾತ್ರ ಈಗ ಸಿಗುವುದಿಲ್ಲವೇನೋ ಎಂದು ಅವಳ ಚಿಂತೆ. ಸತ್ಯವತಿಯವರು ಲಿಟಲ್ ಇಂಡಿಯಾದಿಂದ ಎರಡು ಡಬ್ಬಿ ಇಂಗು ತರಿಸಿಟ್ಟರು.

ಜಾಡಿಯನ್ನು ಈಗ ಕಪಾಟಿನಲ್ಲಿ ಇಡುವುದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆಯೇ ಇರುತ್ತದೆ. ದಿನಕ್ಕೆರಡು ಸಲ ಅದನ್ನು ಮೂಸಿ ವರದಿ ಕೊಡುವ ಕೆಲಸವನ್ನು ಪಟ್ಟಾಭಿರಾಮರು ಯಾರೂ ಕೇಳದೆ ವಹಿಸಿಕೊಂಡಿದ್ದಾರೆ. ನೀರನ್ನು ಕಾರಿಡಾರಿನ ಕರಿಬೇವಿಗೆ ಒಂದು ಲೋಟ ಹಾಕಿ, ಉಳಿದದ್ದನ್ನು ಬಾಟಲಿಗೆ ತುಂಬುತ್ತಾರೆ. ಅಕ್ಕಿ ಥಾಯ್ಲೆಂಡಿನದು.

ಜಸಿಂತಾ ಇನ್ನೂ ಸೆಲೆಟಾರಿಗೆ ಹೋಗುತ್ತಾಳೆ, ಇನ್ನೂ ಅದೇ ಕೋಣೆಯಲ್ಲಿದ್ದಾಳೆ. ಮೇ ತಿಂಗಳಲ್ಲಿ ಮಾತ್ರ ಮೂರು ದಿನ ರಜೆ ಹಾಕುತ್ತಾಳೆ. ಆ ದಿನಗಳಲ್ಲಿ ಹನ್ನೊಂದನೆಯ ಮಹಡಿಗೆ ಹೋದವರಿಗೆ ಅವಳು ಕಾರಿಡಾರಿನ ಬಿಸಿಲಿನಲ್ಲಿ, ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಮೈನಾ ಹಕ್ಕಿಗಳನ್ನು ಓಡಿಸುತ್ತಿರುವುದು ಕಾಣುತ್ತದೆ. ಯಾರಾದರೂ ನಿಂತು ಇದೇನೆಂದು ಕೇಳಿದರೆ, ಇದು ಕಡಜಾನರ ಪದ್ಧತಿ ಅಲ್ಲವೇ ಅಲ್ಲ ಎಂದು ಖಂಡಿತವಾಗಿ ಹೇಳುತ್ತಾಳೆ. ಹೇಳುತ್ತಲೇ ಬಾಗಿ, ಬಿಸಿಲು ಬೀಳದ ಕಡೆಯ ಸಂಡಿಗೆಗಳನ್ನು ಒಂದೊಂದಾಗಿ ತಿರುವಿಹಾಕುತ್ತಾಳೆ.